ಪಂಕ್ತಿಯಲ್ಲೊಂದು ಖಾಲಿ ಎಲೆ

ಹಾವೇರಿಯಲ್ಲಿ ಸುಗುಣಾ ಎಂಬ ಹುಡುಗಿ... ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಅವಳ ಕೆಲಸ.

ಒಂದು ಆಸ್ಪತ್ರೆಯಿಂದ ಹಸುಗೂಸುಗಳ ಕಿವಿ ಪರೀಕ್ಷೆಯ ಪಟ್ಟಿ ಬರುತ್ತಿತ್ತು. ಪಟ್ಟಿಯ ಪ್ರತಿ ಅಂಕಿಯನ್ನೂ ಪ್ರೋಗ್ರಾಮ್ ಒಂದು ಮಾತಾಗಿ ಬದಲಿಸಬೇಕು... "ಸರಿಯಿದೆ" ಅಥವಾ "ಮತ್ತೆ ಕರೆತನ್ನಿ". ಆ ಮಾತು ತಾಯಿಯ ಫೋನಿಗೆ ಹೋಗಬೇಕು.

ಆದರೆ ಕೆಲವು ಕೂಸುಗಳು ಪರೀಕ್ಷೆಯ ಹೊತ್ತಿಗೆ ಅತ್ತು ರಂಪ ಮಾಡಿದ್ದವು. ಅವುಗಳ ಮುಂದೆ ಅಂಕಿಯೇ ಇಲ್ಲ. ಅಂಥ ಖಾಲಿ ಜಾಗಕ್ಕೆ ಪ್ರೋಗ್ರಾಮಿನವರು 'ನಲ್' ಎನ್ನುತ್ತಾರೆ.

ನಲ್ ಸಿಕ್ಕಿತೋ, ಪ್ರೋಗ್ರಾಮ್ ಅಲ್ಲೇ ನಿಂತುಬಿಡುತ್ತಿತ್ತು. ನಂತರದ ಕೂಸುಗಳಿಗೂ ಸಂದೇಶವಿಲ್ಲ!

ಬೇಸತ್ತ ಸುಗುಣಾ ಒಂದು ಸಾಲು ಸೇರಿಸಿದಳು... "ಖಾಲಿ ಇದ್ದರೆ ಪಟ್ಟಿಯಿಂದ ತೆಗೆ."

ಪ್ರೋಗ್ರಾಮ್ ನೀರು ಹರಿದಂತೆ ಓಡಿತು. ಸೋಮವಾರ ಆಸ್ಪತ್ರೆಗೆ ಒಪ್ಪಿಸುವುದಷ್ಟೇ ಬಾಕಿ.

ಭಾನುವಾರ ಅಣ್ಣನ ಮಗಳ ತೊಟ್ಟಿಲು ಕಾರ್ಯ. ಸುಗುಣಾ ಹೋಳಿಗೆ ಬುಟ್ಟಿ ಹಿಡಿದು ಬಡಿಸುತ್ತಿದ್ದಳು. ಕಿಟಕಿಯ ಬಿಸಿಲು, ಬಿಸಿ ತುಪ್ಪದ ಘಮ, ದೂರದ ಜೋಗುಳ... ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತೆ.

ಊಟದ ಪಂಕ್ತಿಯ ನಡುವೆ ಒಂದು ಎಲೆಯ ಮುಂದೆ ಯಾರೂ ಇಲ್ಲ. ಅದನ್ನು ಎತ್ತಲು ಬಗ್ಗಿದಳು.

"ಏ ಏ! ಎಲಿ ಎತ್ತಬ್ಯಾಡ!" ನೀಲವ್ವ ಅತ್ತೆ ಕೂಗಿದರು. "ಕೂಸು ಅಳಾಕತ್ತಿತ್ತು, ನಿಮ್ಮ ವೈನಿ ಹಾಲು ಕುಡಸಾಕ ಹೋಗ್ಯಾಳ."

"ಹಂಗಾದ್ರ ಹೋಳಿಗಿ ಹಾಕಿ ಇಡ್ಲೇನತ್ತಿ?"

"ನೊಣಕ್ಕ ನೀಡ್ತಿಯೇನ? ಹಂಗ ಬಿಟ್ಟು ಮುಂದ ನಡಿ, ಹಿಂದಿನವ್ರು ಹಸದ ಕುಂತಾರ. ಎಲಿ ಇದ್ರ ಆಕಿ ಬಂದ ಮ್ಯಾಲೆ ನೀಡಬಹುದು... ಎಲೀನ ತಗದ್ರ ಬಂದಾಕಿ ಎಲ್ಲಿ ಕುಂದ್ರಬೇಕವ್ವಾ?"

ಪಂಕ್ತಿ ಗೊಳ್ಳೆಂದು ನಕ್ಕಿತು. ಸುಗುಣಾ ನಗಲಿಲ್ಲ.

ಅವಳ ಕಣ್ಣ ಮುಂದೆ ಪಂಕ್ತಿ ಉದ್ದವಾಗುತ್ತಾ ಹೋಯಿತು... ಎಲೆಗೊಂದು ಹಸುಗೂಸು. ನಡುನಡುವೆ, ತಾನು ಎತ್ತಿ ಬಿಸಾಡಿದ ಎಲೆಗಳ ಜಾಗ...

ಸಂಜೆಯೇ ಪ್ರೋಗ್ರಾಮಿನ ಆ ಸಾಲು ಅಳಿಸಿದಳು. ಹೊಸದಾಗಿ ಬರೆದಳು... "ಖಾಲಿ ಇದ್ದರೆ ನಿಲ್ಲಬೇಡ, ಹೆಸರು ತೆಗೆಯಲೂ ಬೇಡ. 'ಪರೀಕ್ಷೆ ಆಗಿಲ್ಲ, ಕರೆತನ್ನಿ' ಎಂದು ತಿಳಿಸಿ ಮುಂದೆ ಹೋಗು."

ಕೆಲವು ತಿಂಗಳ ಮೇಲೆ ಸುಗುಣಾ ಆಸ್ಪತ್ರೆಗೆ ಹೋದಾಗ, ಒಬ್ಬ ತಾಯಿ ಮಗುವನ್ನು ಮಡಿಲಲ್ಲಿಟ್ಟು ಕೂತಿದ್ದಳು. ಮಗುವಿನ ಕಿವಿಗೆ ಆಗಷ್ಟೇ ಶ್ರವಣ ಯಂತ್ರ ಹಾಕಿದ್ದರು.

"ಪರೀಕ್ಷೆ ದಿನ ಭಾಳ ಅತ್ತಿದ್ಲರಿ... ಮಾಡಾಕ ಆಗಲಿಲ್ಲ. ಆಮ್ಯಾಲೆ ಮೆಸೇಜ್ ಬಂತು. ಬರದಿದ್ರ ನಮಗ ಗೊತ್ತ ಆಗ್ತಿರಲಿಲ್ರಿ."

ಹೇಳುತ್ತಾ ಆಕೆ ಮಗುವಿನ ಬೆನ್ನ ಹಿಂದೆ ಕೈಬಳೆ ಅಲ್ಲಾಡಿಸಿದಳು.

ಮಗು ಮೆಲ್ಲಗೆ... ತಿರುಗಿ ನೋಡಿತು.

ಸುಗುಣಾಗೆ ಮುಂದೇನೂ ಕಾಣಲಿಲ್ಲ. ಕಣ್ಣು ಮಂಜಾಗಿತ್ತು.

*ಬಾರದವರಿಗಾಗಿ ಪಂಕ್ತಿ ನಿಲ್ಲಿಸಬೇಡಿ... ಅವರ ಎಲೆಯನ್ನೂ ಎತ್ತಬೇಡಿ.*

ನೀವು ಅವಸರದಲ್ಲಿ ಎತ್ತಿಬಿಟ್ಟ ಎಲೆ... ಯಾರದು?