ಇಳಿಯುವ ಮುಳ್ಳು

ಹೈಡ್ರೋಜನ್ ತುಂಬಿದ ಪಾತ್ರೆಯ ಒತ್ತಡಮಾಪಕದ ಮುಳ್ಳು ಇಳಿಯತೊಡಗಿದ್ದು ಕಂಡರೂ ರುತುಜಾ ಹಿಗ್ಗಲಿಲ್ಲ. ಸಾಬೂನು ನೀರಿನ ಬಟ್ಟಲಿಗೆ ಕೈಹಾಕಿದಳು. ಹೋದ ವಾರವೂ ಹೀಗೇ ಇಳಿದಿತ್ತು. ನಿಕಲ್ ಗೆದ್ದಿತೆಂದು ಇಡೀ ಪ್ರಯೋಗಾಲಯಕ್ಕೆ ಪೇಢೆ ಹಂಚಿದ ಮೇಲೆ, ಹೈಡ್ರೋಜನ್ ಬೆಂಜೀನಿಗೆ ಸೇರದೆ ಕೊಳವೆಯ ಕೀಲಿನಲ್ಲಿ ಸೋರಿಹೋದದ್ದು ಗೊತ್ತಾಗಿತ್ತು.

ದುಬಾರಿ ಪ್ಲಾಟಿನಂ ವೇಗವರ್ಧಕಕ್ಕೆ ಕಡಿಮೆ ಶಾಖವೇ ಸಾಕಾಗಿತ್ತು. ಅದರ ಬದಲು ಬಳಸುತ್ತಿದ್ದ ಅಗ್ಗದ ನಿಕಲ್‌ಗೆ ಇವತ್ತು ಶಾಖ ಏರಿಸಿದ್ದಳು. ಇದೂ ಆಗದಿದ್ದರೆ ನಿಕಲ್ ಕೈಬಿಡು ಎಂದು ಗೈಡ್ ಹೇಳಿಬಿಟ್ಟಿದ್ದರು.

ಪ್ರತಿ ಕೀಲಿಗೂ ನೊರೆ ಬಳಿದಳು. ಟಾರ್ಚ್ ಹಿಡಿದು ಜೊತೆಗಾರ ಕಾಡಸಿದ್ದ ಬಗ್ಗಿದ.

"ಗುಳ್ಳಿ ಏಳಾಕತ್ತಾವೇನೋ?"

"ಒಂದೂ ಇಲ್ಲ."

"ಸರಿಯಾಗಿ ನೋಡೋ!"

"ನೋಡೇನಿ ಮಾರಾಯ್ತಿ. ಎಲ್ಲೂ ಸೋರಾಕತ್ತಿಲ್ಲ."

ಮುಳ್ಳು ಮತ್ತೊಂದು ಗೆರೆ ಇಳಿಯಿತು. ರುತುಜಾ ನೊರೆಗೈಯಲ್ಲೇ ಮುಖ ಒರೆಸಿಕೊಂಡು ನಕ್ಕಳು.

"ಹೋಗು, ಪೇಢೆ ತಗೊಂಡ ಬಾ. ಈ ಸಲ ಖರೇನ."