ತೇಜಸ್ವಿನಿಯ ಮೊದಲ ಆರತಿ

ಗಂಗಮ್ಮನ ಗುಡಿಗೆ ಇನ್ನೊಂದೇ ತಿರುವು ಇರುವಾಗ ತೇಜಸ್ವಿನಿ ನಿಂತುಬಿಟ್ಟಳು. ಅಮೃತಹಳ್ಳಿಯ ಆ ಗಲ್ಲಿಗೆ ಅಡ್ಡಲಾಗಿ, ಸರಿಯಾಗಿ ಅವಳ ಹಣೆಯ ಮಟ್ಟಕ್ಕೆ, ಇಂಟರ್ನೆಟ್ ಕೇಬಲೊಂದು ಜೋತುಬಿದ್ದಿತ್ತು. ಹದಿಮೂರರ ಹುಡುಗಿಯ ತಲೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ತಂಬಿಟ್ಟು, ತಂಬಿಟ್ಟಿನ ಕುಳಿಯಲ್ಲಿ ಉರಿಯುತ್ತಿದ್ದ ತುಪ್ಪದ ದೀಪ. ಗುಡಿ ಮುಟ್ಟುವವರೆಗೆ ಅದು ಆರಬಾರದು. ಅವಳು ಆರತಿ ಹೊತ್ತದ್ದು ಇದೇ ಮೊದಲು.

ಹಿಂದೆ ಬರುತ್ತಿದ್ದ ತಾಯಿ ಶಿಲ್ಪ ಕೇಬಲ್ ಎತ್ತಲು ಕೈ ಚಾಚಿದಳು. ತವರಿನಲ್ಲಿ ಮೊದಲ ಸಲ ಆರತಿ ಹೊತ್ತಾಗ ಅವಳು ಮರದ ಕೊಂಬೆಯೊಂದನ್ನು ತಪ್ಪಿಸಲು ಕತ್ತು ಬಗ್ಗಿಸಿ, ತಟ್ಟೆಯನ್ನು ನೆಲಕ್ಕೆ ಬೀಳಿಸಿದ್ದಳು.

"ಬೇಡಮ್ಮ, ನೀನೆತ್ತಿದ್ರೆ ಅದು ಜೋಲಾಡಿ ದೀಪಕ್ಕೇ ಹೊಡಿಯುತ್ತೆ," ಎಂದಳು ಮಗಳು. "ಸುಮ್ನೆ ನೋಡ್ತಿರು."

ಅವಳು ಕತ್ತು ಅಲುಗಿಸಲಿಲ್ಲ. ಮಂಡಿ ಮಡಿಸಿ ನಿಧಾನವಾಗಿ ಕೆಳಗಿಳಿದು, ಕುಕ್ಕರುಗಾಲಿನಲ್ಲೇ ಮೂರು ಹೆಜ್ಜೆ ಸರಿದು, ಆಚೆ ಬದಿಯಲ್ಲಿ ಎದ್ದು ನಿಂತಳು. ದೀಪ ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ನೆಟ್ಟನೆಯ ಬೆನ್ನನ್ನೇ ನೋಡುತ್ತಾ ಮುಂದೆ ನಡೆದ ಶಿಲ್ಪಳ ಹಣೆಗೆ ಕೇಬಲ್ ಪಟ್ಟೆಂದು ಬಡಿಯಿತು. ಮಗಳು ತನ್ನಷ್ಟೇ ಎತ್ತರ ಬೆಳೆದಿದ್ದಾಳೆಂದು ಅವಳಿಗೆ ಗೊತ್ತಾದದ್ದು ಆಗಲೇ.