ಎರಡು ಚೊಂಬು ನೀರು

ಗಂಡನ ದಿನಕರ್ಮ ಮುಗಿದ ಮರುದಿನವೇ ಕಸ್ತೂರವ್ವ ಗ್ಯಾರೇಜಿಗೆ ಬಂದಳು. ಕೆಟ್ಟು ನಿಂತಿದ್ದ ಟೆಂಪೋವನ್ನು ಓಣಿಯವರು ಆಗಲೇ ಎಳೆದು ತಂದು ಅಲ್ಲಿ ಬಿಟ್ಟಿದ್ದರು.

"ನೀ ರಿಪೇರಿ ಮಾಡಿಕೊಟ್ಟ ಮರುದಿನಾನ ಇಂಜಿನ್ ಹೋತು, ಮೌನೇಶಪ್ಪ. ನಮ್ಮ ಮನಿಯವರು ಎದಿನೋವು ಅಂತ ಒದ್ದಾಡತಿದ್ರು. ಬಾಜೂ ಮನಿಯವರು ನಮ್ಮ ಗಾಡಿ ಹೊಡಕೊಂಡು ದವಾಖಾನಿಗೆ ಹೊಂಟಿದ್ರು. ಅರ್ಧ ದಾರ್ಯಾಗ ಗಾಡಿ ನಿಂತು, ನನ್ನ ತೊಡಿಮ್ಯಾಲ ಜೀವ ಬಿಟ್ರು."

ಮೆಕ್ಯಾನಿಕ್ ಮೌನೇಶ ತಲೆ ಎತ್ತಲಿಲ್ಲ. ಇಂಜಿನ್ನಿನ ಎಣ್ಣೆಯಲ್ಲಿ ನೀರು ಬೆರೆತಿತ್ತು. ನೀರು ಎಣ್ಣೆಗೆ ಸೇರದಂತೆ ತಾನು ಕೂರಿಸಿದ ಗ್ಯಾಸ್ಕೆಟ್ಟೇ ಸೋರಿತೇನೋ ಎಂಬ ಅಳುಕಿನಲ್ಲಿ ಅವನು ಇಷ್ಟು ದಿನ ಸರಿಯಾಗಿ ಉಂಡಿರಲಿಲ್ಲ. ನಿನ್ನೆ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ನೆಟ್ಟಗೇ ಇತ್ತು.

"ನನ್ನ ಕೆಲಸದಾಗ ತಪ್ಪಿಲ್ಲ, ಯಕ್ಕಾ. ಗಾಡಿ ಒಯ್ದ ಮ್ಯಾಲ ಯಾರರೆ ಇಂಜಿನ್ ಮುಟ್ಟಿದ್ರೇನು?"

"ಯಾರು ಮುಟ್ತಾರ? ದಾರ್ಯಾಗ ಬಿಸಿ ಆಗಿ ನಿಂತೀತು ಅಂತ, ಹೊಂಡೂ ಮುಂದ ನಾನ ಎರಡು ಚೊಂಬು ನೀರು ಹಾಕಿದ್ದೆ. ಅಷ್ಟು ಕಾಳಜಿ ಮಾಡೀನಿ ನಾ."

"ಎಲ್ಲಿ ಹಾಕಿದ್ರಿ?"

ಅವಳು ಸೀಟು ಎತ್ತಿ ಬೆರಳಿಟ್ಟು ತೋರಿಸಿದಳು. ಅದು ಎಣ್ಣೆ ಹಾಕುವ ಬಾಯಿ. ಒಂದು ಹನಿ ನೀರೂ ಹೋಗಬಾರದ ಜಾಗ.

ಮೌನೇಶನ ಎದೆಯ ಭಾರ ಒಮ್ಮೆಲೇ ಇಳಿಯಿತು. ಅವಳ ಮುಖ ನೋಡುವವರೆಗೆ ಮಾತ್ರ.

"ಯಾಕ ಹಂಗ ನೋಡತಿ? ಅಲ್ಲಿ ಹಾಕಬಾರದಿತ್ತೇನು?"

"ಅಲ್ಲೇ ಹಾಕಬೇಕ್ರಿ, ಯಕ್ಕಾ," ಎಂದ ಮೌನೇಶ. "ತಪ್ಪು ನಂದು."